ಮನೆ ಪಕ್ಕ ಕಾರ್ಖಾನೆಗೆ ಅನುಮತಿ ಸಿಕ್ಕಿದೆಯೇ? ತಕರಾರು ಸಲ್ಲಿಸುವುದು ಹೀಗೆ

ಊರಾಚೆಯ ಹೊಲಕ್ಕೆ ಜೆಸಿಬಿ ಇಳಿದ ಮೇಲೆಯೇ ಎಷ್ಟೋ ಜನರಿಗೆ ಅಲ್ಲೊಂದು ಕಾರ್ಖಾನೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಕೇಳಿದರೆ, ‘ಎಲ್ಲ ಪರ್ಮಿಷನ್ ಆಗಿದೆ’ ಎಂಬ ಉತ್ತರ. ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ.

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಗಿತ್ತು. ನಗರಕ್ಕೆ ಅಂಟಿಕೊಂಡೇ ಬರಲಿದ್ದ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯೂ ಜನರ ಜೊತೆ ನಿಂತರು. ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿ ಸೂಚಿಸಿದರು. ಎಲ್ಲ ಊರಿಗೂ ಅಷ್ಟು ಜನಬಲ ಇರುವುದಿಲ್ಲ. ನಲವತ್ತು ಮನೆಯ ಹಳ್ಳಿಯವರು, ಒಂದು ಬೀದಿಯ ನಿವಾಸಿಗಳು ನೆಚ್ಚಿಕೊಳ್ಳಬಹುದಾದದ್ದು ಕಾಗದವನ್ನು. ಅದನ್ನು ಸರಿಯಾದ ಕಚೇರಿಗೆ, ಗಡುವು ಮುಗಿಯುವ ಮೊದಲೇ ಕೊಡಬೇಕು.

ಮೊದಲು, ಯಾವ ಅನುಮತಿ ಅಂತ ತಿಳಿಯಿರಿ

‘ಪರ್ಮಿಷನ್’ ಅನ್ನುವುದು ಒಂದೇ ಕಾಗದವಲ್ಲ. ಹಳ್ಳಿಯಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಕೂರಿಸಲು ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 66ರ ಪ್ರಕಾರ ಗ್ರಾಮ ಪಂಚಾಯಿತಿಯ ಒಪ್ಪಿಗೆ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಸಾಮಾನ್ಯವಾಗಿ ಎರಡು ಸಲ ಸಮ್ಮತಿ ಕೊಡುತ್ತದೆ: ಕಟ್ಟುವ ಮೊದಲು ಸ್ಥಾಪನೆಗೆ (ಸಿಎಫ್‌ಇ), ಶುರು ಮಾಡುವ ಮೊದಲು ಚಾಲನೆಗೆ (ಸಿಎಫ್‌ಒ). ಸಿಮೆಂಟ್, ಉಕ್ಕು, ರಾಸಾಯನಿಕದಂಥ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿಯೂ ಬೇಕು. ಜಲ್ಲಿ ಕ್ರಷರ್‌ ಆದರೆ ಡೀಸಿ ನೇತೃತ್ವದ ಸಮಿತಿಯ ಲೈಸೆನ್ಸ್.

ಸಿಎಫ್‌ಇ ಮಾತ್ರ ಸಿಕ್ಕಿದ್ದರೆ ಚಾಲನೆಗೆ ಸಮ್ಮತಿ ಇನ್ನೂ ಬಾಕಿ ಇದೆ ಎಂದರ್ಥ. ಅಲ್ಲಿಯೂ ತಕರಾರು ಹೇಳಲು ಜಾಗವಿದೆ.

ಕಾಗದ ತರಿಸಿಕೊಳ್ಳಿ, ಆದರೆ ಅದಕ್ಕಾಗಿ ಕಾಯಬೇಡಿ

ಪಂಚಾಯಿತಿಗೆ, ಮಂಡಳಿಯ ಜಿಲ್ಲಾ ಕಚೇರಿಗೆ, ಡೀಸಿ ಕಚೇರಿಗೆ ಬೇರೆ ಬೇರೆ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಎಲ್ಲ ಮಾಹಿತಿ ಕೊಡಿ’ ಅಂದರೆ ಏನೂ ಸಿಗುವುದಿಲ್ಲ. ‘ಸರ್ವೆ ನಂಬರ್ ಇಂತಿಷ್ಟರ ಘಟಕಕ್ಕೆ ಕೊಟ್ಟ ಸಮ್ಮತಿ ಆದೇಶ, ಮಾಲೀಕರ ಅರ್ಜಿ, ಸ್ಥಳ ತಪಾಸಣೆ ವರದಿ, ನಕ್ಷೆ: ಇವುಗಳ ದೃಢೀಕೃತ ಪ್ರತಿ’ ಅಂತ ಕೇಳಿ.

ಇಲ್ಲೊಂದು ಎಚ್ಚರ ಬೇಕು. ಆರ್‌ಟಿಐ ಉತ್ತರಕ್ಕೆ 30 ದಿನ, ಸಮ್ಮತಿಯ ವಿರುದ್ಧ ಮೇಲ್ಮನವಿ ಹಾಕಲೂ 30 ದಿನ. ಉತ್ತರ ಬರಲಿ ಅಂತ ಕೂತರೆ ಗಡುವು ದಾಟಿಹೋಗುತ್ತದೆ. ಅದಕ್ಕೇ ಮಂಡಳಿಯ ಕಚೇರಿಗೆ ನೇರವಾಗಿ ಹೋಗಿ. ಕೊಟ್ಟ ಸಮ್ಮತಿಗಳ ರಿಜಿಸ್ಟರ್ ಇಡಬೇಕು, ತೊಂದರೆಗೆ ಒಳಗಾಗುವ ಯಾರಿಗಾದರೂ ಅದನ್ನು ತೋರಿಸಬೇಕು ಅಂತ 1974ರ ಜಲ ಕಾಯ್ದೆಯ ಸೆಕ್ಷನ್ 25 ಹೇಳುತ್ತದೆ. ಆ ಸೆಕ್ಷನ್ ಹೆಸರು ಹೇಳಿಯೇ ಕೇಳಿ.

ಅರ್ಜಿ ಬರೆಯುವುದು ಹೇಗೆ?

ಹೆಚ್ಚು ಅರ್ಜಿಗಳು ಸೋಲುವುದು ಇಲ್ಲೇ. ‘ನಮ್ಮ ಊರಿಗೆ ಈ ಕಾರ್ಖಾನೆ ಬೇಡ’ ಅಂತ ಬರೆದು ಇನ್ನೂರು ಸಹಿ ಹಾಕಿಸಿದರೆ, ಅಧಿಕಾರಿ ಅದನ್ನು ಓದಿ ಫೈಲಿಗೆ ಸೇರಿಸುತ್ತಾರೆ, ಅಷ್ಟೆ. ಅವರು ಉತ್ತರ ಕೊಡಲೇಬೇಕಾದ ಹಾಗೆ ಬರೆಯಿರಿ.

ಉದಾಹರಣೆಗೆ ಹೀಗೆ: ‘ಅರ್ಜಿಯ ನಕ್ಷೆಯಲ್ಲಿ ಹತ್ತಿರದ ಮನೆ 1 ಕಿಲೋಮೀಟರ್ ದೂರವಿದೆ ಎಂದು ತೋರಿಸಲಾಗಿದೆ. ನಿಜಕ್ಕೂ 280 ಮೀಟರ್‌ನಲ್ಲಿ ಅಂಗನವಾಡಿ ಇದೆ, ಪಕ್ಕದಲ್ಲೇ ಕುಡಿಯುವ ನೀರಿನ ಬೋರ್‌ವೆಲ್ ಇದೆ. ಫೋಟೊ ಲಗತ್ತಿಸಿದೆ. ಸ್ಥಳ ತಪಾಸಣೆ ಮತ್ತೆ ನಮ್ಮ ಸಮ್ಮುಖದಲ್ಲಿ ಆಗಬೇಕು.’

ನೋಡಿ, ಇದರಲ್ಲಿ ಅಳತೆ ಇದೆ, ಸಾಕ್ಷಿ ಇದೆ, ಬೇಡಿಕೆ ಇದೆ. ಮನೆ, ಶಾಲೆ, ಕೆರೆ, ಹಳ್ಳ, ದನ ಕಟ್ಟುವ ಜಾಗ ಎಲ್ಲವನ್ನೂ ಮೊಬೈಲ್ ಮ್ಯಾಪ್‌ನಲ್ಲಿ ಅಳೆಯಿರಿ. ಮಳೆಗಾಲದಲ್ಲಿ ಆ ಜಾಗದ ನೀರು ಯಾವ ಕಡೆ ಹರಿಯುತ್ತದೆ ಅಂತ ಬರೆಯಿರಿ. ಇದು ಬೆಂಗಳೂರಿನ ಕನ್ಸಲ್ಟೆಂಟ್‌ಗೆ ಗೊತ್ತಿರುವುದಿಲ್ಲ, ನಿಮ್ಮ ಅಜ್ಜಿಗೆ ಗೊತ್ತಿರುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದಕ್ಕೆ ಮೊಹರು, ತಾರೀಕು, ಸಹಿ ಹಾಕಿಸಿಕೊಳ್ಳಿ. ‘ಆಮೇಲೆ ಬನ್ನಿ’ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಅಂದೇ ಕಳಿಸಿ. ಗ್ರಾಮಸಭೆ ನಡೆದರೆ ತಕರಾರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿದ ಮೇಲೆಯೇ ಸಹಿ ಹಾಕಿ.

ಆಲಿಕೆ ಸಭೆ ಇದ್ದರೆ

ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗಳಲ್ಲಿ ಹಲವಕ್ಕೆ, ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯಂತೆ, ಸಾರ್ವಜನಿಕ ಆಲಿಕೆ ಸಭೆ ಕಡ್ಡಾಯ. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಗೆ ಕೋರಂ, ಅಂದರೆ ಇಂತಿಷ್ಟು ಜನ ಇರಲೇಬೇಕು ಎಂಬ ನಿಯಮ ಇಲ್ಲ. ಹಾಗಾಗಿ ನಾವು ಹೋಗದಿದ್ದರೆ ಸಭೆ ರದ್ದಾಗುತ್ತದೆ ಅನ್ನುವುದು ತಪ್ಪು ಲೆಕ್ಕ. ಬಹಿಷ್ಕಾರ ಹಾಕಿ ಹೊರಗೆ ನಿಂತರೆ ಒಳಗೆ ನಮ್ಮ ಮಾತು ದಾಖಲಾಗುವುದಿಲ್ಲ. ಹೋಗಿ, ಕನ್ನಡದಲ್ಲೇ ಮಾತಾಡಿ, ಬರವಣಿಗೆಯಲ್ಲೂ ಕೊಡಿ. ಸಭೆಯ ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಎಲ್ಲರೆದುರು ಓದಿ ಹೇಳಬೇಕು. ಓದುವ ತನಕ ಎದ್ದು ಬರಬೇಡಿ.

ಆದೇಶ ಬಂದುಬಿಟ್ಟಿದ್ದರೆ

ಮಂಡಳಿಯ ಸಮ್ಮತಿಯ ವಿರುದ್ಧ 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಪರಿಸರ ಅನುಮತಿಯ ವಿರುದ್ಧ ನೇರವಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಎನ್‌ಜಿಟಿ). ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಅಲ್ಲಿಯೂ ಗಡುವು 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, 90 ದಾಟಿದರೆ ಬಾಗಿಲು ಮುಚ್ಚಿದಂತೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ. ಇಲ್ಲಿ ಮಾತ್ರ ವಕೀಲರ ನೆರವು ಪಡೆಯುವುದು ಒಳ್ಳೆಯದು. ಹಣದ ಅಡಚಣೆ ಇದ್ದವರು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ.

ಕಾರ್ಖಾನೆ ಶುರುವಾಗಿದ್ದರೆ ಸಮ್ಮತಿ ಆದೇಶದ ಷರತ್ತುಗಳನ್ನು ಒಂದೊಂದಾಗಿ ಓದಿ. ಚಿಮಣಿ ಎಷ್ಟು ಎತ್ತರ, ಉತ್ಪಾದನೆ ಎಷ್ಟು, ಕೊಳಚೆ ನೀರು ಎಲ್ಲಿಗೆ ಬಿಡಬೇಕು ಎಲ್ಲ ಅದರಲ್ಲಿರುತ್ತದೆ. ಒಂದು ನೋಟ್‌ಬುಕ್ ಇಡಿ. ‘ರಾತ್ರಿ 11.40, ಕಪ್ಪು ಹೊಗೆ, ಗಾಳಿ ಪಡುವಣದಿಂದ, ಒಣಗಲು ಹಾಕಿದ ಬಟ್ಟೆ ಮೇಲೆ ಮಸಿ’ ಅಂತ ಆಯಾ ದಿನವೇ ಬರೆದು ಫೋಟೊ ತೆಗೆಯಿರಿ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ದೂರು ಕೊಡುವಾಗ ಯಾವ ಷರತ್ತು ಮುರಿದಿದೆ ಅಂತ ಅದರ ನಂಬರ್ ಸಮೇತ ಬರೆಯಿರಿ. ಕಾರ್ಖಾನೆ ಮುಚ್ಚಿಸುವ, ಕರೆಂಟ್ ಮತ್ತು ನೀರು ಕಡಿತ ಮಾಡಿಸುವ ಅಧಿಕಾರ ಮಂಡಳಿಗೆ ಇದೆ. ಜಲ ಕಾಯ್ದೆಯಲ್ಲಿ ಅದು ಸೆಕ್ಷನ್ 33ಎ, ವಾಯು ಕಾಯ್ದೆಯಲ್ಲಿ 31ಎ. ದೂರಿನ ಕೊನೆಯ ಸಾಲಿನಲ್ಲಿ ಆ ಕ್ರಮವನ್ನೇ ಕೇಳಿ.