ಬಾಂಡ್ ಬಿಟ್ಟು ಒಳಗಿನ ಬಾಗಿಲು ತೆರೆದದ್ದು: ನನ್ನ ಅನುಭವ

ನಮ್ಮ ಸಂಸ್ಥೆಯ ಖಾಲಿ ಹುದ್ದೆಗಳನ್ನು ಮೊದಲು ಒಳಗಿನ ನೌಕರರಿಗೆ ತೆರೆದರೆ ಮ್ಯಾನೇಜರುಗಳು ಜಗಳಕ್ಕೆ ನಿಲ್ಲುತ್ತಾರೆ, ಕೆಲಸ ಕೆಡುತ್ತದೆ ಎಂದು ಎಲ್ಲರೂ ಹೇಳಿದ್ದರು. ಜಗಳವೇನೋ ಆಯಿತು, ಕೆಲಸ ಕೆಡಲಿಲ್ಲ. ರಾಜೀನಾಮೆಗಳು ಸುಮಾರು ಮೂರನೇ ಒಂದು ಪಾಲು ಇಳಿದವು.

ಮೊದಲು ದುಡ್ಡಿನ ಮಾತು. ಕೆಲಸ ಬಿಡದಿರಲೆಂದು ಕೊಡುವ ರಿಟೆನ್ಷನ್ ಬೋನಸ್‌ನಷ್ಟು ದುಬಾರಿ ಸೋಲು ಇನ್ನೊಂದಿಲ್ಲ. ಎರಡು ತಿಂಗಳ ಸಂಬಳ ಕೊಟ್ಟು ಒಂದು ವರ್ಷದ ಷರತ್ತು ಹಾಕಿದರೆ, ಹದಿಮೂರನೇ ತಿಂಗಳಲ್ಲಿ ರಾಜೀನಾಮೆಗಳು ಸಾಲುಗಟ್ಟುತ್ತವೆ. ಸಂಶೋಧಕರಾದ ಮೇಯರ್ ಮತ್ತು ಆಲೆನ್ 1991ರಲ್ಲಿ ನೌಕರರ ಬದ್ಧತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಮನಸ್ಸಿನ ಅಂಟು, ಬಿಟ್ಟರೆ ನಷ್ಟವೆಂಬ ಲೆಕ್ಕ, ಉಳಿಯುವುದು ಕರ್ತವ್ಯವೆಂಬ ಭಾವ. ಇವುಗಳಲ್ಲಿ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು), ಬೋನಸ್ ಬೆಳೆಸುವುದು ‘ಬಿಟ್ಟರೆ ನಷ್ಟ’ ಎಂಬ ಲೆಕ್ಕಾಚಾರವನ್ನು ಮಾತ್ರ. ಆದ್ದರಿಂದ ನೌಕರರ ಬದ್ಧತೆ ಅಳೆಯುವ ಸರ್ವೆಯ ಒಟ್ಟು ಅಂಕ ನಂಬಬೇಡಿ. ಮನಸ್ಸಿನಿಂದ ಅಂಟಿಕೊಂಡವರ ಅಂಕವನ್ನು ಬೇರೆಯಾಗಿಯೇ ಕೂಡಿ. ಎಂಟು ಜನಕ್ಕಿಂತ ಸಣ್ಣ ತಂಡದ ಅಂಕ ಹೊರಹಾಕಲೇಬೇಡಿ. ಯಾರು ಏನು ಬರೆದರೆಂದು ಗೊತ್ತಾಗಿಬಿಡುತ್ತದೆ, ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ತರಬೇತಿಯೂ ಹೀಗೇ ಕೈಕೊಡುತ್ತದೆ. ಸರ್ಟಿಫಿಕೇಟ್ ಕೈಗೆ ಬಂದ ಆರು ತಿಂಗಳೊಳಗೆ ಅದನ್ನು ಬಳಸುವ ಕೆಲಸ ಸಿಗದಿದ್ದರೆ ಕಲಿತವನು ಹೊರಗೆ ಕೆಲಸ ಹುಡುಕುತ್ತಾನೆ. ಈಗ ಕೆಲಸ ಮೊದಲು ಗೊತ್ತು ಮಾಡಿ, ಆಮೇಲೆ ಕೋರ್ಸಿಗೆ ಸಹಿ ಹಾಕುತ್ತೇವೆ. ತರಬೇತಿ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಬಂತು.

ಒಳನೇಮಕದ ನಿಯಮಗಳು ಬಿಗಿಯಾಗಿರಬೇಕು. ಹತ್ತು ಕೆಲಸದ ದಿನ ಹುದ್ದೆ ಒಳಗಷ್ಟೇ ತೆರೆದಿರುತ್ತದೆ. ಈಗಿನ ಹುದ್ದೆಯಲ್ಲಿ ಒಂದೂವರೆ ವರ್ಷ ಆಗಿದ್ದರೆ ಸಾಕು, ಅರ್ಜಿ ಹಾಕಲು ಮ್ಯಾನೇಜರ್ ಅನುಮತಿ ಬೇಡ. ಆಯ್ಕೆಯಾದ ಮೇಲೆ ಮ್ಯಾನೇಜರ್ ನಲವತ್ತೈದು ದಿನ ತಡೆಹಿಡಿಯಬಹುದು, ಬಿಡುವುದಿಲ್ಲ ಎನ್ನುವಂತಿಲ್ಲ. ಈ ಕೊನೆಯ ಸಾಲನ್ನು ಸಡಿಲಿಸಿದರೆ ಇಡೀ ಪದ್ಧತಿ ಸತ್ತಂತೆ: ಒಳ್ಳೆಯ ಕೆಲಸಗಾರನನ್ನು ಯಾವ ಮ್ಯಾನೇಜರೂ ಬಿಡುವುದಿಲ್ಲ, ಆತ ನೇರ ಹೊರಗೇ ಹೋಗುತ್ತಾನೆ. ಆಗ ಬದಲಿಯವರನ್ನು ಹುಡುಕಿ, ಕಲಿಸಿ, ತಯಾರು ಮಾಡುವಷ್ಟರಲ್ಲಿ ನಮ್ಮ ಲೆಕ್ಕಕ್ಕೆ ಐದಾರು ತಿಂಗಳ ಸಂಬಳ ಕರಗುತ್ತದೆ.

ನಿಜವಾದ ಪರೀಕ್ಷೆ ಆಯ್ಕೆಯಾಗದವರದ್ದು. ‘ಈ ಬಾರಿ ಆಗಲಿಲ್ಲ’ ಎಂಬ ಮೇಲ್ ಹೋದರೆ ಅದೇ ವಾರ ರೆಸ್ಯೂಮೆ ಹೊರಗೆ ಹೋಗಿರುತ್ತದೆ. ಐದು ದಿನದೊಳಗೆ ಎದುರು ಕೂರಿಸಿ, ಕಡಿಮೆ ಬಿದ್ದ ಒಂದೇ ಒಂದು ವಿಷಯ ಹೇಳಿ. ‘ಇನ್ನೂ ಅನುಭವ ಬೇಕು’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಬಜೆಟ್ ನೀವೇ ತಯಾರಿಸಿಲ್ಲ, ಮುಂದಿನ ತ್ರೈಮಾಸಿಕದ್ದು ನಿಮ್ಮ ಕೈಗೆ’ ಎನ್ನಬೇಕು, ಕೊಡಲೂಬೇಕು.

ನೌಕರನ ಮುಂದಿನ ವೃತ್ತಿಯ ಬಗೆಗಿನ ಮಾತುಕತೆಯನ್ನು ವಾರ್ಷಿಕ ಮೌಲ್ಯಮಾಪನದಿಂದ (ಅಪ್ರೈಸಲ್) ಕನಿಷ್ಠ ನಾಲ್ಕು ತಿಂಗಳು ದೂರ ಇಡಿ. ಇನ್‌ಕ್ರಿಮೆಂಟ್ ಎದುರಿಗಿದ್ದಾಗ ಯಾರೂ ತಮ್ಮ ಕೊರತೆ ಬಾಯಿಬಿಡುವುದಿಲ್ಲ. ನಲವತ್ತು ನಿಮಿಷ, ನಾಲ್ಕು ಪ್ರಶ್ನೆ, ಒಂದು ಪುಟ, ತೊಂಬತ್ತು ದಿನದಲ್ಲಿ ಮುಗಿಯುವ ಒಂದು ಕೆಲಸ. ನಾಲ್ಕನೇ ಪ್ರಶ್ನೆ ನನ್ನದೇ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ನಡುವೆ ಎರಡು ವಾರದ ಕೆಲಸ ಅದಲುಬದಲನ್ನೂ ನೋಡಿದೆವು. ಖರೀದಿ ಮತ್ತು ಲೆಕ್ಕಪತ್ರ ವಿಭಾಗಗಳ ನಡುವೆ ಚೆನ್ನಾಗಿ ನಡೆಯಿತು. ಶಿಫ್ಟ್‌ನಲ್ಲಿ ದುಡಿಯುವವರಲ್ಲಿ ಮಾತ್ರ ಹೊಂದಲಿಲ್ಲ, ಓವರ್‌ಟೈಮ್ ಬಿಲ್ ಏರಿತು. ಅಲ್ಲಿಗೆ ಈಗ ವಾರಕ್ಕೆ ಅರ್ಧ ದಿನ ಇನ್ನೊಬ್ಬರ ಜೊತೆಗಿದ್ದು ಅವರ ಕೆಲಸ ನೋಡುವ ಜೊತೆಗೆಲಸ ಹಾಕಿದ್ದೇವೆ.