ಹೊಸ ಕ್ಯಾಬಿನೆಟ್‌ಗೆ ಹಳೇ ತುಕ್ಕಿನ ಕಳೆ

ಕಂಪ್ಯೂಟರ್ ಕ್ಯಾಬಿನೆಟ್ ಫಳಫಳ ಹೊಳೆದರೆ ನನಗೆ ಇಷ್ಟವಿಲ್ಲ. ಹಳೇ ಲಾರಿಯ ಬಾಗಿಲಿನಂತಿರಬೇಕು. ಅದಕ್ಕೆ ಕಲ್ಲುಪ್ಪು ಸಾಕು.

ಒಳಗಿನದ್ದೆಲ್ಲ ಬಿಚ್ಚಿಡಿ. ಮದರ್‌ಬೋರ್ಡ್ ಕೂರುವ ಸ್ಕ್ರೂ ತೂತುಗಳಿಗೆ ಟೇಪ್ ಅಂಟಿಸಿ. ತಗಡನ್ನು 400 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ. ತುಕ್ಕಿನ ಬಣ್ಣ ಅದೇ, ಸುಮ್ನೆ ಬೇರೆ ಹುಡುಕಬೇಡಿ. ಚೆನ್ನಾಗಿ ಒಣಗಿದ ಮೇಲೆ ನೀರು ಚಿಮುಕಿಸಿ, ಉಪ್ಪು ಉದುರಿಸಿ. ಎಲ್ಲ ಕಡೆ ಬೇಡ. ಅಂಚು, ಮೂಲೆ, ಕೈ ತಾಗುವ ಜಾಗ ಸಾಕು. ಬಣ್ಣ ನಿಜವಾಗಿ ಕಿತ್ತುಬರುವುದೂ ಅಲ್ಲೇ ಅಲ್ವಾ? ನೀರು ಆರಿದ ಮೇಲೆ ಮ್ಯಾಟ್ ಹಸಿರು ಸ್ಪ್ರೇ, ತೆಳುವಾಗಿ ಎರಡು ಸಲ.

ಅದು ಒಣಗಲಿ. ಹಳೇ ಟೂತ್‌ಬ್ರಶ್ ಒದ್ದೆ ಮಾಡಿ ಉಜ್ಜಿದರೆ ಉಪ್ಪು ಬಣ್ಣದ ಸಮೇತ ಏಳುತ್ತದೆ. ಚೂರೂ ಉಳಿಯದಂತೆ ತೊಳೆಯಿರಿ, ಇಲ್ಲದಿದ್ದರೆ ನಿಜವಾದ ತುಕ್ಕೇ ಹಿಡಿಯುತ್ತದೆ. ಕೊನೆಗೆ ಮ್ಯಾಟ್ ಕ್ಲಿಯರ್ ಕೋಟ್, ಅಂದರೆ ಹೊಳಪಿಲ್ಲದ ಪಾರದರ್ಶಕ ಲೇಪ.