ಹಳೇ ಫೋಟೋದಲ್ಲಿರೋ ಪುಸ್ ಮಾತ್ ವಿಮಾನದ ಪೂರ್ವಾಪರ ಹುಡುಕೋದು ಹೇಗೆ

ಮುಂಬೈ ಚೋರ್ ಬಜಾರಲ್ಲಿ, ಅದ್ರಲ್ಲೂ ಮಟನ್ ಸ್ಟ್ರೀಟ್ ಕಡೆ, ಹಳೇ ಕಪ್ಪುಬಿಳುಪು ಫೋಟೋ ಕೆದಕೋ ಅಭ್ಯಾಸ ಇರೋರಿಗೆ ಇದು. ಪುಸ್ ಮಾತ್ ಅಂದ್ರೆ 1930ರ ದಶಕದ ಇಂಗ್ಲೆಂಡಿನ ಪುಟ್ಟ ವಿಮಾನ, 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದಿದ್ದು ಇದ್ರಲ್ಲೇ. ಪುಟ್ಟ ವಿಮಾನದ ಫೋಟೋ ಸಿಕ್ಕಿದ ತಕ್ಷಣ "ಜೆ.ಆರ್.ಡಿ. ಟಾಟಾ ಅವರ ಪುಸ್ ಮಾತ್" ಅಂತ ಬರೆದು ಗ್ರೂಪಿಗೆ ಹಾಕ್ಬೇಡಿ, ಮೊದ್ಲು ಅದು ಯಾವ ವಿಮಾನ ಅಂತ ಸರಿಯಾಗಿ ನೋಡಿ.

ಮೊದ್ಲು ರೆಕ್ಕೆ ನೋಡಿ. ಎರಡು ಜೊತೆ ರೆಕ್ಕೆ ಇದ್ರೆ ಅದು ಪುಸ್ ಮಾತ್ ಅಲ್ಲ, ಅಲ್ಲಿಗೆ ಮುಗೀತು. ಪುಸ್ ಮಾತ್‌ಗೆ ಕ್ಯಾಬಿನ್ ಮೇಲೆ ಒಂದೇ ಜೊತೆ, ಬುಡದಿಂದ ತುದಿವರೆಗೂ ಹೆಚ್ಚುಕಮ್ಮಿ ಒಂದೇ ಅಗಲ. ರೆಕ್ಕೆ ತುದಿ ಕಡೆ ಹೋಗ್ತಾ ಕಿರಿದಾಗಿದ್ರೆ ಅದು ಲೆಪರ್ಡ್ ಮಾತ್, 1933ರಲ್ಲಿ ಬಂದಿದ್ದು. ಇಲ್ಲೇ ಜಾಸ್ತಿ ಜನ ಎಡವೋದು, ಯಾಕಂದ್ರೆ 1982ರಲ್ಲಿ ಆ ಟಪಾಲು ಹಾರಾಟದ ಐವತ್ತನೇ ವರ್ಷದ ನೆನಪಿಗೆ 78ನೇ ವಯಸ್ಸಲ್ಲಿ ಜೆ.ಆರ್.ಡಿ. ಕರಾಚಿಯಿಂದ ಮುಂಬೈಗೆ ಹಾರಿಸ್ಕೊಂಡು ಬಂದಿದ್ದು ಲೆಪರ್ಡ್ ಮಾತ್, ಆ ಫೋಟೋನೇ 1932ರದ್ದು ಅಂತ ಓಡಾಡಿಬಿಡುತ್ತೆ.

ಆಮೇಲೆ ಮೂತಿ. ಇದ್ರ 120 ಹಾರ್ಸ್ ಪವರ್ ಜಿಪ್ಸಿ ಎಂಜಿನ್ ತಲೆಕೆಳಗಾಗಿ ಕೂತಿರುತ್ತೆ, ಸಿಲಿಂಡರ್ ಎಲ್ಲಾ ಕೆಳಗೆ, ಹಂಗಾಗಿ ಪ್ರೊಪೆಲ್ಲರ್ ಮೂತಿಯ ಮೇಲ್ಭಾಗದಲ್ಲಿ ಬಂದು ಪೈಲಟ್‌ಗೆ ಮುಂದಿನ ದಾರಿ ಚೆನ್ನಾಗಿ ಕಾಣ್ತಿತ್ತು. ಲೆನ್ಸ್ ಇಟ್ಕೊಂಡು ರೆಕ್ಕೆಗೆ ಆಸರೆ ಕೊಟ್ಟಿರೋ ಮುಂದಿನ ಕಂಬಿನೂ ನೋಡಿ. ಗಾಳಿ ಜೋರಿದ್ದಾಗ ರೆಕ್ಕೆ ಅದುರಿ ಮುರಿದು ಸುಮಾರು ಜನ ಸತ್ರು, ತನಿಖೆ ಆದ್ಮೇಲೆ ಆ ಕಂಬಿಯ ನಡುವಿಂದ ಹಿಂದಕ್ಕೆ ಒಂದು ಸಣ್ಣ ಕಂಬಿ ಸೇರಿಸಿದ್ರು. 1930ರ ಮೊದಲ ವಿಮಾನಗಳಲ್ಲಿ ಅದು ಇರ್ಲಿಲ್ಲ. ಅಂದ್ರೆ ಬೆರಳುದ್ದದ ಒಂದು ಗೆರೆ ಫೋಟೋ ಯಾವ ಕಾಲದ್ದು ಅಂತ ಹೇಳಿಬಿಡುತ್ತೆ, ನಂಗಂತೂ ಇದು ಬಹಳ ಇಷ್ಟದ ಗುರುತು.

ಈಗ ವಿಮಾನದ ಮೇಲೆ ಬರೆದಿರೋ ನೋಂದಣಿ ಅಕ್ಷರ. ವಿಟಿ ಇದ್ರೆ ಭಾರತದ ನೋಂದಣಿ, ಜಿ-ಎ ಇದ್ರೆ ಬ್ರಿಟನ್ನಿಂದು. ಜೆ.ಆರ್.ಡಿ. ಅವರದು ವಿಟಿ-ಎಡಿಎನ್. ಅಕ್ಷರ ಬೇರೆ ಇದ್ರೆ ಸಾಮಾನ್ಯವಾಗಿ ವಿಮಾನನೂ ಬೇರೆ. ಕಂಪನಿ ಕೊಟ್ಟ ಸೀರಿಯಲ್ ನಂಬರ್ ಸಿಕ್ರೆ ಇನ್ನೂ ಗಟ್ಟಿ, ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಮಾಡಿದ 259 ಪುಸ್ ಮಾತ್‌ಗಳ ಲೆಕ್ಕ 2001ರಿಂದ ಶುರು, ಲೆಪರ್ಡ್ ಮಾತ್ 7000ದಿಂದ. ಬ್ರಿಟನ್ನಿನ ಹಳೇ ನೋಂದಣಿ ಪುಟಗಳನ್ನ ಅಲ್ಲಿನ ವಿಮಾನಯಾನ ಇಲಾಖೆ ಸ್ಕ್ಯಾನ್ ಮಾಡಿ ನೆಟ್ಟಲ್ಲಿ ಫ್ರೀಯಾಗಿ ಇಟ್ಟಿದೆ, ಅಕ್ಷರ ಹಾಕಿದ್ರೆ ಮಾಲೀಕರ ಹೆಸ್ರು, ತಾರೀಖು ಎಲ್ಲಾ ಬರುತ್ತೆ. ಎರಡನೇ ಮಹಾಯುದ್ಧದಲ್ಲಿ ಎಷ್ಟೋ ವಿಮಾನ ಸೇನೆಗೆ ಹೋಗಿ ಹೊಸ ಗುರುತು ತಗೊಂಡ್ವು, ಜಾಡು ಅಲ್ಲಿ ತಪ್ಪಿದ್ರೆ ಸೀರಿಯಲ್ ನಂಬರ್ ಹಿಡ್ಕೊಂಡು ಮುಂದಕ್ಕೆ ಹೋಗಿ, ಅದು ಬದಲಾಗಲ್ಲ.

ನಮ್ಮ ಕಡೆ ಸಂಗತಿಗೆ ಪುಣೆಯ ಟಾಟಾ ಸೆಂಟ್ರಲ್ ಆರ್ಕೈವ್ಸ್ ಇದೆ, ಮೊದ್ಲೇ ಬರೆದು ಕೇಳ್ಕೊಂಡು ಹೋಗಿ. ಜಾಗ ಗುರುತಿಸುವಾಗ ಒಂದು ನೆನಪಿರ್ಲಿ, ಮಳೆಗಾಲದಲ್ಲಿ ಟಾಟಾ ವಿಮಾನಗಳಿದ್ದ ಮುಂಬೈಯ ಜುಹು ಮೈದಾನಕ್ಕೆ ನೀರು ನುಗ್ತಿತ್ತು, ಆಗ ವಿಮಾನ, ಮೆಕ್ಯಾನಿಕ್ ಸಮೇತ ಎಲ್ರೂ ಪುಣೆಯ ಯೆರವಡಾ ಜೈಲಿನ ಪಕ್ಕದ ಮೈದಾನಕ್ಕೆ ಹೋಗ್ತಿದ್ರು. ಹಾಗಾಗಿ ಹಿಂದೆ ಸಮುದ್ರ, ತೆಂಗು ಕಾಣ್ಲಿಲ್ಲ ಅಂತ ಟಾಟಾ ವಿಮಾನ ಅಲ್ಲ ಅನ್ಬೇಡಿ.

ಈ ವಿಮಾನಗಳು ಹೊತ್ತ ಅಂಚೆ ಲಕೋಟೆ ಸಿಕ್ರೆ ಅದನ್ನೂ ಬಿಡ್ಬೇಡಿ. 1932ರ ಅಕ್ಟೋಬರ್ 15ಕ್ಕೆ ಕರಾಚಿಯ ಡ್ರಿಗ್ ರೋಡಿಂದ ಹೊರಟ ಟಪಾಲು ಅಹಮದಾಬಾದ್ ಮೇಲೆ ಜುಹುಗೆ ಬಂತು, ಅಲ್ಲಿಂದ ಟಾಟಾ ಜೊತೆಗಿದ್ದ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನ ನಮ್ಮ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದ್ರು. ಮುಂಬೈ ಸುದ್ದಿ ಎಲ್ರೂ ಬರೀತಾರೆ, ಬಳ್ಳಾರಿ ಹೆಸರು ಬಿಟ್ಟೇಬಿಡ್ತಾರೆ, ಕನ್ನಡದೋರಾದ್ರೂ ಬರೀಬೇಕಲ್ವಾ.

ಸಿಕ್ಕಿದ್ದನ್ನೆಲ್ಲಾ ಫೋಟೋ ಹಿಂದೆ ಬರೆದಿಡಿ, ಅಕ್ಷರ, ನಂಬರ್, ಎಲ್ಲಿ ನೋಡಿದ್ರಿ ಅನ್ನೋದು. ಪೆನ್ಸಿಲಲ್ಲೇ ಬರೀರಿ, ಇಂಕು ಮುಂದಕ್ಕೆ ಇಳಿದುಬಿಡುತ್ತೆ.